ಹೈರೂಲ್ ರಾಜ್ಯದ ಕಾಲಗಣನೆ: ಜೆಲ್ಡಾ ಸರಣಿಯಲ್ಲಿ ಕಥೆ ಮತ್ತು ಆಟ

ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಸಂಸ್ಥೆ 1986ರ ಫೆಬ್ರವರಿ 21ರಂದು ಬಿಡುಗಡೆ ಮಾಡಿದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಎಂಬ ವಿಡಿಯೋ ಗೇಮ್‌ನಿಂದ ಮೊದಲಾದ ಸರಣಿಯು ಮುಂದಿನ ನಾಲ್ಕು ದಶಕಗಳಲ್ಲಿ ಇಪ್ಪತ್ತರಷ್ಟು ಆಟಗಳಿಗೆ ಬೆಳೆದಿದ್ದು, ಅವುಗಳಲ್ಲಿ ಹೆಚ್ಚಿನವುಗಳ ಕಥಾಹಂದರ ಒಂದೇ ಬಗೆಯದು. ಹೈರೂಲ್ ಎಂಬ ಕಲ್ಪಿತ ರಾಜ್ಯ, ಅಲ್ಲಿನ ರಾಜಕುಮಾರಿ ಜೆಲ್ಡಾ, ಅವಳ ನೆರವಿಗೆ ಹೊರಡುವ ಲಿಂಕ್ ಎಂಬ ಹುಡುಗ, ಗ್ಯಾನನ್ ಎಂಬ ದುಷ್ಟ, ಇವರೆಲ್ಲರ ಹೋರಾಟಕ್ಕೆ ಕಾರಣವಾದ ಟ್ರೈಫೋರ್ಸ್ ಎಂಬ ದಿವ್ಯಶಕ್ತಿಯ ತ್ರಿಕೋನಗಳು ಮತ್ತೆ ಮತ್ತೆ ಬರುತ್ತವೆ. ಆದರೆ ಒಂದು ಆಟದ ಲಿಂಕ್ ಇನ್ನೊಂದು ಆಟದ ಲಿಂಕ್ ಆಗಿರಬೇಕೆಂದಿಲ್ಲ; ಒಂದರಲ್ಲಿ ಬೆಟ್ಟವಿದ್ದಲ್ಲಿ ಇನ್ನೊಂದರಲ್ಲಿ ಕಡಲಿರುತ್ತದೆ. ಇವೆಲ್ಲ ಒಂದೇ ಚರಿತ್ರೆಯ ಬೇರೆ ಬೇರೆ ಅಧ್ಯಾಯಗಳೋ, ಅಥವಾ ಒಂದೇ ಕಥೆಯನ್ನು ಪ್ರತಿ ಸಲವೂ ಹೊಸದಾಗಿ ಹೇಳಿದ ರೂಪಗಳೋ ಎಂಬ ಪ್ರಶ್ನೆ ಈ ಸರಣಿಯ ಬೆನ್ನು ಬಿಟ್ಟಿಲ್ಲ. ಆ ಪ್ರಶ್ನೆಯ ಹಿಂದಿರುವುದು ಕಥಾಸುಸಂಗತಿಗೂ, ಎಂದರೆ ಒಂದೆಡೆ ಹೇಳಿದ ಮಾತು ಇನ್ನೊಂದೆಡೆ ಸುಳ್ಳಾಗದಂತೆ ನೋಡಿಕೊಳ್ಳುವ ಶಿಸ್ತಿಗೂ, ಆಡುವವರ ಕೈಗೆ ಪ್ರತಿ ಸಲವೂ ಹೊಸ ಬಗೆಯ ಆಟವನ್ನು ಕೊಡಬೇಕೆಂಬ ತಯಾರಕರ ಹಟಕ್ಕೂ ನಡುವಿನ ಎಳೆದಾಟ.

ನಿಂಟೆಂಡೊ 1889ರಲ್ಲಿ ಹನಫುದ ಎಂಬ ಹೂಚಿತ್ರದ ಇಸ್ಪೀಟು ಎಲೆಗಳನ್ನು ತಯಾರಿಸಲು ಹುಟ್ಟಿಕೊಂಡ ಸಂಸ್ಥೆಯಾಗಿದ್ದು, ನಂತರ ಆಟಿಕೆಗಳಿಗೂ ಅಲ್ಲಿಂದ ಎಲೆಕ್ಟ್ರಾನಿಕ್ ಆಟಗಳಿಗೂ ಹೊರಳಿತು. ಕಥೆ ಹೇಳುವುದು ಅದರ ಮೂಲ ಕಸುಬಾಗಿರಲಿಲ್ಲ. ಮೊದಲ ಜೆಲ್ಡಾ ಆಟವನ್ನು ತಕಾಶಿ ತೆಜುಕಾ ಅವರೊಡನೆ ರೂಪಿಸಿದ ಶಿಗೆರು ಮಿಯಾಮೊಟೊ, ಕ್ಯೋಟೊ ಸಮೀಪದ ಸೊನೊಬೆಯಲ್ಲಿ ಬಾಲ್ಯ ಕಳೆದವರು. ಅಲ್ಲಿನ ಗುಡ್ಡ, ಗುಹೆಗಳಲ್ಲಿ ಅಲೆದಾಡಿದ ನೆನಪನ್ನೇ ಈ ಆಟದ ಬೀಜವೆಂದು ಅವರು ಹಲವು ಸಲ ಹೇಳಿದ್ದಾರೆ. ಆಟ ತೆರೆದೊಡನೆ ಲಿಂಕ್ ಒಂದು ಬಯಲಿನ ನಡುವೆ ನಿಂತಿರುತ್ತಾನೆ, ಪಕ್ಕದಲ್ಲಿ ಕಪ್ಪು ಬಾಯಿ ತೆರೆದ ಗುಹೆಯೊಂದಿರುತ್ತದೆ, ಒಳಗೆ ಹೋದರೆ ಮುದುಕನೊಬ್ಬ ಕತ್ತಿ ಕೊಡುತ್ತಾನೆ; ಹೋಗದೆ ಬರಿಗೈಯಲ್ಲೇ ಮುಂದೆ ನಡೆದರೂ ತಡೆಯುವವರಿಲ್ಲ. ಗ್ಯಾನನ್ ದಾಳಿ ಮಾಡಿದ್ದು, ಜೆಲ್ಡಾ ತನ್ನ ಬಳಿಯಿದ್ದ ಟ್ರೈಫೋರ್ಸನ್ನು ಎಂಟು ಚೂರು ಮಾಡಿ ಬಚ್ಚಿಟ್ಟದ್ದು ಮೊದಲಾದ ಕಥೆ ಬಹುಮಟ್ಟಿಗೆ ಆಟದ ಜೊತೆಗೆ ಬರುತ್ತಿದ್ದ ಕೈಪಿಡಿಯಲ್ಲಿತ್ತು. ಹುಡುಕಾಟಕ್ಕೆ ಒಂದು ನೆಪ ಬೇಕಿತ್ತು. ಕಥೆ ಆ ನೆಪವನ್ನು ಒದಗಿಸಿತು.

ಕಾಲಗಣನೆಯ ತೊಡಕು ಮರುವರ್ಷವೇ ಶುರುವಾಯಿತು. 1987ರ ‘ಜೆಲ್ಡಾ 2: ದಿ ಅಡ್ವೆಂಚರ್ ಆಫ್ ಲಿಂಕ್’ ಅದೇ ಲಿಂಕ್‌ನ ಮುಂದಿನ ಕಥೆಯಾದರೂ, ಅದರಲ್ಲಿ ಎಬ್ಬಿಸಬೇಕಾದ ಜೆಲ್ಡಾ ಬೇರೊಬ್ಬಳು, ಬಹುಕಾಲದ ಹಿಂದೆ ಮಾಟಕ್ಕೆ ಸಿಕ್ಕಿ ನಿದ್ದೆಗೆ ಜಾರಿದ ರಾಜಕುಮಾರಿ. ಅವಳ ನೆನಪಿಗಾಗಿ ಅರಮನೆಯಲ್ಲಿ ಹುಟ್ಟುವ ಹೆಣ್ಣುಮಕ್ಕಳಿಗೆಲ್ಲ ಜೆಲ್ಡಾ ಎಂದೇ ಹೆಸರಿಡಬೇಕೆಂಬ ಕಟ್ಟಳೆಯಾಯಿತು ಎಂದು ಕೈಪಿಡಿ ಹೇಳಿತು. ಒಂದೇ ಹೆಸರು ಮತ್ತೆ ಬಳಸಲು ತಯಾರಕರು ಹೂಡಿದ ಈ ಸಣ್ಣ ಉಪಾಯದಿಂದ, ಹೈರೂಲಿಗೆ ತಲೆಮಾರುಗಳು ಉಂಟು, ಅರಸುಮನೆತನ ಉಂಟು, ಕಾಲ ಉಂಟು ಎಂಬ ಭಾವನೆ ಆಟಗಾರರಲ್ಲಿ ಬೇರೂರಿತು. ಸುಸಂಗತಿಯ ಬೇಡಿಕೆಯನ್ನು ಅಭಿಮಾನಿಗಳ ಹುಚ್ಚೆಂದು ತಳ್ಳಿಹಾಕುವವರು ಈ ಮಾತನ್ನು ಗಮನಿಸಬೇಕು: ಆ ಬೇಡಿಕೆಗೆ ಮೊದಲ ನೀರೆರೆದವರು ತಯಾರಕರೇ.

1991ರ ‘ಎ ಲಿಂಕ್ ಟು ದಿ ಪಾಸ್ಟ್’ ಹಿಂದಿನ ಕಾಲಕ್ಕೆ ಜಿಗಿದು, ಗ್ಯಾನನ್ ಒಂದು ಕಾಲಕ್ಕೆ ಗ್ಯಾನನ್‌ಡಾರ್ಫ್ ಎಂಬ ಕಳ್ಳರ ನಾಯಕನಾಗಿದ್ದನೆಂದೂ, ಅವನು ಪವಿತ್ರಭೂಮಿಯನ್ನು ಹೊಕ್ಕು ಇಡೀ ಟ್ರೈಫೋರ್ಸನ್ನು ವಶಪಡಿಸಿಕೊಂಡನೆಂದೂ, ಏಳು ಜ್ಞಾನಿಗಳು ಆ ಭೂಮಿಗೆ ಬೀಗಮುದ್ರೆ ಹಾಕಿದರೆಂದೂ ಒಂದು ಪುರಾಣವನ್ನು ಕಟ್ಟಿತು. ಏಳು ವರ್ಷಗಳ ನಂತರ, 1998ರ ನವೆಂಬರ್ 21ರಂದು ಬಂದ ‘ಆಕರಿನಾ ಆಫ್ ಟೈಮ್’ ಆ ಪುರಾಣವನ್ನೇ ಕಣ್ಣೆದುರು ನಡೆಸಿ ತೋರಿಸಲು ಹೊರಟಿತಾದರೂ ವಿವರಗಳು ಕೂಡಿಬರಲಿಲ್ಲ: ಇಲ್ಲಿ ಟ್ರೈಫೋರ್ಸ್ ಮೂರಾಗಿ ಒಡೆದು ಶಕ್ತಿಯ ಭಾಗ ಮಾತ್ರ ಗ್ಯಾನನ್‌ಡಾರ್ಫ್‌ಗೆ ದಕ್ಕುತ್ತದೆ, ಉಳಿದೆರಡು ಜೆಲ್ಡಾ ಮತ್ತು ಲಿಂಕ್ ಅವರಲ್ಲಿ ನೆಲೆಸುತ್ತವೆ. ಅದೇ ಕಾಲದ ಸಂದರ್ಶನವೊಂದರಲ್ಲಿ ಮಿಯಾಮೊಟೊ ನಾಲ್ಕು ಆಟಗಳ ಕ್ರಮವನ್ನು ಹೇಳುವಾಗ ‘ಎ ಲಿಂಕ್ ಟು ದಿ ಪಾಸ್ಟ್’ ಅನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟದ್ದು, ಆ ಆಟ ತನ್ನನ್ನು ಹಿಂದಿನವರ ಕಥೆಯೆಂದು ಪರಿಚಯಿಸಿಕೊಂಡದ್ದಕ್ಕೆ ನೇರ ವಿರುದ್ಧವಾಗಿತ್ತು. ಸರಣಿಯ ಜನಕರಿಗೇ ಕ್ರಮ ಮುಖ್ಯವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಹಾಗೆಂದು ‘ಆಕರಿನಾ’ದಲ್ಲಿ ಕಥೆ ಸೊರಗಿದೆಯೆಂದಲ್ಲ, ವಿಡಿಯೋ ಗೇಮ್‌ಗಳ ಚರಿತ್ರೆಯಲ್ಲಿ ಕಥೆಯೂ ಆಟವೂ ಇಷ್ಟು ಗಾಢವಾಗಿ ಹೆಣೆದುಕೊಂಡ ಕೃತಿಗಳು ವಿರಳ. ಲಿಂಕ್ ‘ಮಾಸ್ಟರ್ ಸ್ವೋರ್ಡ್’ ಎಂಬ ಕತ್ತಿಯನ್ನು ಪೀಠದಿಂದ ಕಿತ್ತಾಗ ಏಳು ವರ್ಷ ಕಳೆದು ಯುವಕನಾಗುತ್ತಾನೆ, ಮರಳಿ ನೆಟ್ಟಾಗ ಬಾಲಕನಾಗುತ್ತಾನೆ. ಬಾಲಕನ ಕವಣೆ ಯುವಕನಿಗೆ ಒಲ್ಲದು, ಯುವಕನ ಬಿಲ್ಲು ಬಾಲಕನ ಕೈಗೆ ಮೀರಿದ್ದು. ಬಾಲಕ ಮೆತ್ತನೆಯ ಮಣ್ಣಿನಲ್ಲಿ ಊರಿದ ಮಾಯಾಬೀಜ ಯುವಕನ ಕಾಲಕ್ಕೆ ಬಳ್ಳಿಯಾಗಿ, ಅದರ ಎಲೆಯ ಮೇಲೆ ನಿಂತು ಅವನು ಎತ್ತರದ ಜಾಗಗಳಿಗೆ ತೇಲಿಹೋಗುತ್ತಾನೆ. ಇನ್ನೂ ಹತ್ತಿರದಿಂದ ನೋಡಬೇಕಾದ ಪ್ರಸಂಗ ಕಾಕರಿಕೊ ಹಳ್ಳಿಯ ಗಾಳಿಯಂತ್ರದ್ದು. ಅಲ್ಲಿನ ಸಂಗೀತಗಾರ ಯುವಕ ಲಿಂಕ್‌ನ ಕೈಯಲ್ಲಿ ಆಕರಿನಾವನ್ನು, ಎಂದರೆ ಬೆರಳಿಟ್ಟು ಊದುವ ಪುಟ್ಟ ವಾದ್ಯವನ್ನು ಕಂಡು, ಏಳು ವರ್ಷದ ಹಿಂದೆ ಇಂಥದ್ದನ್ನೇ ಊದಿದ ಹುಡುಗನೊಬ್ಬ ತನ್ನ ಗಾಳಿಯಂತ್ರವನ್ನು ಕೆಡಿಸಿದನೆಂದು ಕೋಪದಿಂದ ಹೇಳುತ್ತಾ ಆ ರಾಗವನ್ನು ಕಲಿಸಿಬಿಡುತ್ತಾನೆ. ಲಿಂಕ್ ಬಾಲ್ಯಕ್ಕೆ ಮರಳಿ ಅದೇ ರಾಗ ಊದಿದಾಗ ಯಂತ್ರ ಹುಚ್ಚು ವೇಗದಲ್ಲಿ ತಿರುಗಿ, ಹಳ್ಳಿಯ ಬಾವಿ ಬತ್ತಿ, ಅದರ ತಳದ ಕತ್ತಲೆಯ ಕೋಣೆಗಳಿಗೆ ದಾರಿ ತೆರೆಯುತ್ತದೆ. ಹಾಗಾದರೆ ಆ ರಾಗವನ್ನು ಮೊದಲು ಕಟ್ಟಿದವರು ಯಾರು? ಲಿಂಕ್ ಸಂಗೀತಗಾರನಿಂದ ಕಲಿತ, ಸಂಗೀತಗಾರ ಲಿಂಕ್‌ನಿಂದ ಕಲಿತ. ತರ್ಕಕ್ಕೆ ಇದು ತಲೆಬುಡವಿಲ್ಲದ ಸುತ್ತು. ಆದರೆ ಆಡುವವರಿಗೆ, ತಮ್ಮದೇ ಕೈಕೆಲಸದ ದೂರನ್ನು ಮೊದಲು ಕೇಳಿ ನಂತರ ಹೋಗಿ ಆ ಕೆಲಸವನ್ನು ಮಾಡುವ ಈ ಅನುಭವ ಬೇರೆ ಯಾವ ಕಲಾಪ್ರಕಾರವೂ ಕೊಡಲಾರದಂಥದ್ದು. ಕಥೆಯಲ್ಲಿ ಬಿರುಕು ಬಿಟ್ಟ ಜಾಗದಲ್ಲೇ ಆಟ ತನ್ನ ಅತ್ಯುತ್ತಮ ಕ್ಷಣವನ್ನು ಕಂಡುಕೊಂಡಿತು.

ಎರಡು ವರ್ಷಕ್ಕೆ ಬಂದ ‘ಮಜೋರಾಸ್ ಮಾಸ್ಕ್’ ಐಜಿ ಅವೊನುಮಾ ಮತ್ತು ಯೋಶಿಯಾಕಿ ಕೊಯಿಜುಮಿ ಅವರ ನಿರ್ದೇಶನದಲ್ಲಿ ಸುಮಾರು ಒಂದೇ ವರ್ಷದಲ್ಲಿ ತಯಾರಾದ ಆಟ. ಅಷ್ಟು ಕಡಿಮೆ ಸಮಯದಲ್ಲಿ ಎಲ್ಲವನ್ನೂ ಹೊಸದಾಗಿ ಚಿತ್ರಿಸುವುದು ಅಸಾಧ್ಯವಾದ್ದರಿಂದ ಹಿಂದಿನ ಆಟದ ಮುಖಗಳನ್ನೇ ಬಳಸಿಕೊಂಡರು. ಆ ಅನಿವಾರ್ಯತೆಯನ್ನು ಮುಚ್ಚಿಡುವ ಬದಲು, ಟರ್ಮಿನಾ ಎಂಬ ಇನ್ನೊಂದು ಲೋಕವನ್ನು ಕಲ್ಪಿಸಿ ಪರಿಚಿತ ಮುಖಗಳಿಗೆ ಬೇರೆ ಹೆಸರು, ಬೇರೆ ಬದುಕು ಕೊಟ್ಟರು. ಚಂದ್ರ ಭೂಮಿಯ ಮೇಲೆ ಬೀಳಲು ಮೂರು ದಿನವಿದೆ, ಲಿಂಕ್ ಆ ಮೂರು ದಿನಗಳನ್ನು ಮತ್ತೆ ಮತ್ತೆ ಬದುಕಬೇಕು ಎಂಬ ಆಟದ ನಿಯಮದಿಂದಲೇ ಊರಿನ ಒಬ್ಬೊಬ್ಬರ ದಿನಚರಿಯೂ ದುಃಖವೂ ಕಥೆಯಾಯಿತು. 2002ರ ‘ದಿ ವಿಂಡ್ ವೇಕರ್’ ದೋಣಿಯಲ್ಲಿ ಕಡಲು ದಾಟುವ ಆಟ. ಹೈರೂಲ್ ಏಕೆ ಕಡಲಾಯಿತೆಂಬುದಕ್ಕೆ, ಗ್ಯಾನನ್ ಮತ್ತೆ ಎದ್ದಾಗ ವೀರ ಬರಲೇ ಇಲ್ಲವಾಗಿ ದೇವತೆಗಳು ರಾಜ್ಯವನ್ನೇ ನೀರಿನಲ್ಲಿ ಮುಳುಗಿಸಿದರೆಂಬ ಮನ ಕಲಕುವ ಉತ್ತರ ದೊರೆಯಿತು. ವೀರ ಬಾರದಿದ್ದುದಕ್ಕೆ ಕಾರಣ ‘ಆಕರಿನಾ’ದ ಕೊನೆಯಲ್ಲಿ ಜೆಲ್ಡಾ ಅವನನ್ನು ಬಾಲ್ಯಕ್ಕೆ ಕಳುಹಿಸಿಕೊಟ್ಟದ್ದು. ಅಲ್ಲಿಂದ ಕಾಲ ಎರಡು ಕವಲಾಯಿತೆಂದು ಅವೊನುಮಾ ಹೇಳಿದರು. ಬಾಲ್ಯಕ್ಕೆ ಮರಳಿದ ಕವಲಿನ ಮುಂದಿನ ಕಥೆಯಾಗಿ 2006ರಲ್ಲಿ ‘ಟ್ವೈಲೈಟ್ ಪ್ರಿನ್ಸೆಸ್’ ಬಂದಿತು.

ಸಂಸ್ಥೆಯ ಅಧಿಕೃತ ಕಾಲಾನುಕ್ರಮ ಅಚ್ಚಾದದ್ದು ಸರಣಿಯ ಇಪ್ಪತ್ತೈದನೆಯ ವರ್ಷದಲ್ಲಿ, 2011ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪ್ರಕಟವಾದ ‘ಹೈರೂಲ್ ಹಿಸ್ಟೋರಿಯಾ’ ಎಂಬ ಗ್ರಂಥದಲ್ಲಿ. ಅದೇ ವರ್ಷದ ‘ಸ್ಕೈವರ್ಡ್ ಸ್ವೋರ್ಡ್’ ಎಲ್ಲಕ್ಕೂ ಮೊದಲಿನ ಕಥೆಯೆಂದೂ, ‘ಆಕರಿನಾ’ದ ನಂತರ ಕಾಲ ಎರಡಲ್ಲ ಮೂರು ಕವಲಾಗುತ್ತದೆಯೆಂದೂ ಅದು ಸಾರಿತು. ಮೂರನೆಯ ಕವಲು ಲಿಂಕ್ ಗ್ಯಾನನ್‌ಗೆ ಸೋತುಹೋದ ಲೋಕದ್ದು. 1986, 1987 ಮತ್ತು 1991ರ ಆಟಗಳಿಗೆ ಅಲ್ಲಿ ಜಾಗ ಸಿಕ್ಕಿತು. ‘ಆಕರಿನಾ’ದಲ್ಲಿ ಅಂಥ ಮುಕ್ತಾಯ ಕಥೆಯಾಗಿ ಎಲ್ಲಿಯೂ ಇಲ್ಲ, ಆಡುವವರು ಸೋತಾಗ ಪರದೆಯ ಮೇಲೆ ಮೂಡುವ ‘ಗೇಮ್ ಓವರ್’ ಎಂಬ ಎರಡು ಪದಗಳಷ್ಟೇ ಅದಕ್ಕೆ ಆಧಾರ. ಕೂಡದ ವಿವರಗಳನ್ನು ಕೂಡಿಸಲು ಆಟಗಾರರ ಸೋಲನ್ನೇ ಚರಿತ್ರೆಯ ಘಟನೆಯನ್ನಾಗಿಸಿದ ಈ ಪರಿಹಾರವನ್ನು ಹಲವರು ತೇಪೆಯೆಂದು ಹಳಿದರು. ಅದು ತೇಪೆಯೇ ಹೌದು. ಆದರೆ ಆಟವೆಂಬ ಮಾಧ್ಯಮದ ಸ್ವಭಾವದಿಂದಲೇ ಬಂದ ತೇಪೆಯಾದ್ದರಿಂದ ಅದಕ್ಕೊಂದು ಘನತೆಯಿದೆ. ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದಾಗ, ಇದಕ್ಕೂ ವ್ಯಾಸಭಾರತಕ್ಕೂ ಕಾಲದಲ್ಲಿ ಯಾವುದು ಹಿಂದು, ಯಾವುದು ಮುಂದು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಒಂದೇ ಕಥೆಯ ಮರುಕಥನವೆಂದು ಓದುಗರಿಗೆ ಗೊತ್ತು. ಜೆಲ್ಡಾ ಆಟಗಳು ಮರುಕಥನದ ಸ್ವಾತಂತ್ರ್ಯವನ್ನೂ ಚರಿತ್ರೆಯ ಗಾಂಭೀರ್ಯವನ್ನೂ ಒಟ್ಟಿಗೆ ಬಯಸಿದವು. ಬಿಕ್ಕಟ್ಟಿನ ಮೂಲ ಅಲ್ಲಿದೆ. ಅಧಿಕೃತವೆನಿಸಿದ ಆ ಪಟ್ಟಿಯೂ ನಿಲ್ಲಲಿಲ್ಲ. 1993ರ ‘ಲಿಂಕ್ಸ್ ಅವೇಕನಿಂಗ್’ ಮತ್ತು 2001ರ ‘ಆರಕಲ್’ ಜೋಡಿ ಆಟಗಳ ಹಿಂದುಮುಂದು ಕೆಲವೇ ವರ್ಷಗಳಲ್ಲಿ ಅದಲುಬದಲಾಯಿತು.

2017ರ ಮಾರ್ಚ್ 3ರಂದು ಬಂದ ‘ಬ್ರೆತ್ ಆಫ್ ದಿ ವೈಲ್ಡ್’ ಓಪನ್ ವರ್ಲ್ಡ್ ಬಗೆಯ ಆಟ, ಎಂದರೆ ಇಡೀ ಭೂಪ್ರದೇಶ ತೆರೆದಿದ್ದು ಯಾವ ದಿಕ್ಕಿಗೆ, ಯಾವ ಕ್ರಮದಲ್ಲಿ ಹೋಗಬೇಕೆಂಬುದು ಆಡುವವರ ಇಚ್ಛೆಗೆ ಬಿಟ್ಟ ಆಟ. ನಿರ್ದೇಶಕ ಹಿದೆಮಾರೊ ಫುಜಿಬಯಾಶಿ ಮತ್ತು ಅವರ ತಂಡ ಅದರ ಮೊದಲ ಮಾದರಿಯನ್ನು 1986ರ ಆಟದ ಚಪ್ಪಟೆ ಚಿತ್ರಗಳಲ್ಲೇ ಮಾಡಿ, ಬೆಂಕಿ, ಗಾಳಿ, ಮರ, ಲೋಹ ಒಂದಕ್ಕೊಂದು ಹೇಗೆ ವರ್ತಿಸಬೇಕೆಂದು ಪರೀಕ್ಷಿಸಿದರು: ಒಣಹುಲ್ಲಿಗೆ ಕಿಡಿ ತಗುಲಿದರೆ ಉರಿಯಬೇಕು, ಗುಡುಗುವಾಗ ಲೋಹದ ಕತ್ತಿ ಹಿಡಿದು ನಿಂತವನಿಗೆ ಸಿಡಿಲು ಬಡಿಯಬೇಕು. ಈ ನಿಯಮಗಳನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ಕಾಲಾನುಕ್ರಮವನ್ನು ಹಗುರವಾಗಿ ಕೈಬಿಟ್ಟರು. ‘ದಿ ವಿಂಡ್ ವೇಕರ್’ನಲ್ಲಿ ಜೋರಾ ಎಂಬ ಜಲಜನರ ಸಂತತಿಯೇ ರಿಟೊ ಎಂಬ ಹಕ್ಕಿಜನರಾಗಿ ಮಾರ್ಪಟ್ಟಿತ್ತು, ಇಲ್ಲಿ ಇಬ್ಬರೂ ಒಂದೇ ಕಾಲದಲ್ಲಿ ಬೇರೆ ಬೇರೆ ಸೀಮೆಗಳಲ್ಲಿ ವಾಸವಾಗಿದ್ದಾರೆ. ನಿಂಟೆಂಡೊ ಈ ಆಟವನ್ನು ಮೂರು ಕವಲುಗಳಲ್ಲಿ ಯಾವುದಕ್ಕೂ ಕಟ್ಟದೆ ಪ್ರತ್ಯೇಕವಾಗಿ ಇರಿಸಿದೆ.

ಆದರೂ ಒಳಗಿನ ಹೆಣಿಗೆಯಲ್ಲಿ ಅದು ಗಟ್ಟಿಯಾದ ಕೃತಿ. ನೂರು ವರ್ಷ ನಿದ್ರಿಸಿ ಎದ್ದ ಲಿಂಕ್‌ಗೆ ಹಿಂದಿನದೆಲ್ಲ ಮರೆತುಹೋಗಿದೆ. ಚಿತ್ರಪಟಗಳಲ್ಲಿ ಕಂಡ ಜಾಗಗಳನ್ನು ಹುಡುಕಿ ಹೋದಾಗ ಒಂದೊಂದೇ ನೆನಪು ಮರಳುತ್ತದೆ. ಯಾವ ನೆನಪು ಮೊದಲು ಬಂದರೂ ಬಾಧಕವಿಲ್ಲ, ಏಕೆಂದರೆ ಮರೆವಿನಿಂದ ಎದ್ದವರ ನೆನಪು ಬರುವುದೇ ಹಾಗೆ. 2023ರ ಮೇ 12ರಂದು ಬಂದ ಅದರ ಮುಂದಿನ ಭಾಗ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’, ವಸ್ತುಗಳನ್ನು ಅಂಟಿಸಿ ಗಾಡಿ, ದೋಣಿ, ಹಾರುವ ಯಂತ್ರಗಳನ್ನು ಕಟ್ಟಲು ಕೊಟ್ಟ ಸಾಮರ್ಥ್ಯದಲ್ಲಿ ಹಿಂದಿನದನ್ನು ಮೀರಿಸಿದರೂ, ಕ್ರಮರಹಿತ ದೃಶ್ಯಗಳ ಅದೇ ಏರ್ಪಾಡನ್ನು ಕ್ರಮ ಬೇಡುವ ಕಥೆಗೆ ಹೊದಿಸಿ ಎಡವಿತು. ಕಾಣೆಯಾದ ಜೆಲ್ಡಾ ಎಲ್ಲಿ ಎಂಬುದು ಅದರ ಮುಖ್ಯ ಒಗಟು. ಆಡುವವರು ನೆಲದ ಮೇಲಿನ ಬೃಹತ್ ರೇಖಾಚಿತ್ರಗಳನ್ನು ತಮಗೆ ತೋಚಿದಂತೆ ಹುಡುಕುತ್ತಾ, ಅವಳು ಡ್ರ್ಯಾಗನ್ ಆಗಿ ಆಕಾಶದಲ್ಲಿ ಸುತ್ತುತ್ತಿರುವ ಸಂಗತಿಯನ್ನು ಬಹಳ ಮೊದಲೇ ಅರಿಯಬಹುದು. ಅರಿತ ಮೇಲೂ ಲಿಂಕ್ ಸಂಗಡಿಗರಿಗೆ ಒಂದು ಮಾತೂ ಹೇಳದೆ, ಜೆಲ್ಡಾಳ ವೇಷದ ಮಾಯಾರೂಪದ ಬೆನ್ನು ಹತ್ತಿ ಅವರೊಡನೆ ನಡೆಯುತ್ತಾನೆ. ನಾಲ್ಕು ಸೀಮೆಗಳ ದೇವಾಲಯಗಳನ್ನು ಯಾವ ಕ್ರಮದಲ್ಲಾದರೂ ಗೆಲ್ಲಬಹುದಾದ್ದರಿಂದ, ಪ್ರತಿಯೊಂದರ ಕೊನೆಯಲ್ಲೂ ಒಬ್ಬೊಬ್ಬ ಪೂರ್ವಜ ಪ್ರತ್ಯಕ್ಷವಾಗಿ ಅದೇ ಪುರಾತನ ಯುದ್ಧದ ಕಥೆಯನ್ನು ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ನಾಲ್ಕು ಸಲ ಹೇಳುತ್ತಾರೆ. ಎರಡು ಆಟಗಳ ನಡುವಿನ ಹೊಂದಿಕೆ ತಪ್ಪಿದರೆ ನೊಂದುಕೊಳ್ಳುವವರು ಕಾಲರೇಖೆ ಬರೆಯುವ ಕೆಲವರು. ಒಂದೇ ಆಟದೊಳಗೆ ನಾಯಕನ ಅರಿವಿಗೂ ಅವನ ನಡೆಗೂ ಹೊಂದಿಕೆ ತಪ್ಪಿದರೆ ನಷ್ಟ ಆಡುವ ಪ್ರತಿಯೊಬ್ಬರದು. ಸುಸಂಗತಿಯ ಚರ್ಚೆ ದಶಕಗಳ ಕಾಲ ಮೊದಲನೆಯದರ ಮೇಲೆಯೇ ನಡೆದದ್ದರಿಂದ ಎರಡನೆಯದು, ನಿಜವಾಗಿ ಕಾಪಾಡಬೇಕಾದದ್ದು, ಗಮನಕ್ಕೆ ಬಾರದೆ ಹೋಯಿತು.

2024ರ ಸೆಪ್ಟೆಂಬರ್ 26ರಂದು ಬಂದ ‘ಎಕೋಸ್ ಆಫ್ ವಿಸ್ಡಮ್’ ಹುಟ್ಟಿದ ಬಗೆಯನ್ನೂ ಇಲ್ಲಿ ನೋಡಬೇಕು. ಗ್ರೆಜ್ಜೊ ಎಂಬ ಸಂಸ್ಥೆಯ ಜೊತೆ ತಯಾರಾದ ಇದರ ಮೂಲ ಆಲೋಚನೆ, ಮೇಜು, ಮಂಚ, ಕಲ್ಲು, ರಾಕ್ಷಸರನ್ನು ನಕಲು ಮಾಡಿ ಬೇಕಾದಲ್ಲಿ ಇರಿಸಿ ದಾರಿ ಮಾಡಿಕೊಳ್ಳುವುದು. ಲಿಂಕ್ ನಾಯಕನಾದರೆ ಕೈಯಲ್ಲಿ ಕತ್ತಿ, ಗುರಾಣಿ ಇರುತ್ತವೆ, ಕತ್ತಿ ಇದ್ದಮೇಲೆ ನಕಲುಗಳ ಹಂಗು ಯಾರಿಗೂ ಬೇಕಾಗುವುದಿಲ್ಲ. ಈ ಕಾರಣದಿಂದ ತಯಾರಕರು ಅವನನ್ನು ಆರಂಭದಲ್ಲೇ ಬಿರುಕೊಂದರಲ್ಲಿ ಮರೆಮಾಡಿ, ಜೆಲ್ಡಾಳ ಕೈಗೆ ಮಂತ್ರದಂಡ ಕೊಟ್ಟರು. ಹೀಗೆ 38 ವರ್ಷ ಸರಣಿಗೆ ಹೆಸರು ಮಾತ್ರ ಕೊಟ್ಟಿದ್ದ ರಾಜಕುಮಾರಿ ಮುಖ್ಯ ಸರಣಿಯ ಆಟವೊಂದರಲ್ಲಿ ಮೊದಲ ಬಾರಿಗೆ ತಾನೇ ನಾಯಕಿಯಾದಳು. ಆಕೆಯ ಈ ಸಾಹಸಕ್ಕೆ ಕಾಲಾನುಕ್ರಮದಲ್ಲಿ ಜಾಗ ಗೊತ್ತಾದದ್ದು ಆಮೇಲೆ, ವೀರ ಸೋತ ಮೂರನೆಯ ಕವಲಿನಲ್ಲಿ.