ಮಗ್ಗಿ ಒಪ್ಪಿಸಿದವನು ಮುಂದೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಸರ್ಕಾರಿ ಶಾಲೆ ಬರುವ ಮೊದಲು ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದುದು ಕೂಲಿಮಠ. ಅಲ್ಲಿ ಈಗಿನಂಥ ತರಗತಿಗಳಿರಲಿಲ್ಲ. ಮರಳ ಮೇಲೆ ಬೆರಳಾಡಿಸಿ ಅಂಕಿ ತಿದ್ದಿದ ಹುಡುಗ ಮಗ್ಗಿಗೆ ಹೋಗುತ್ತಿದ್ದ. ಅದನ್ನು ಐಗಳ, ಅಂದರೆ ಮೇಷ್ಟ್ರ, ಮುಂದೆ ತಡವರಿಸದೆ ಒಪ್ಪಿಸಿದರೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗೆ. ಚುರುಕಾದವನು ಯಾರಿಗೂ ಕಾಯಬೇಕಿರಲಿಲ್ಲ. ಕಿರಿಯರಿಗೆ ಹೇಳಿಕೊಡುವ ಕೆಲಸವೂ ಅವನ ಪಾಲಿಗೇ ಬರುತ್ತಿತ್ತು. ಆದರೆ ಆ ಮಠದ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ, ಹೆಣ್ಣುಮಕ್ಕಳಂತೂ ಅಪರೂಪ.

1868ರಲ್ಲಿ ಮೈಸೂರು ಸೀಮೆಗೆ ಹೋಬಳಿ ಶಾಲೆಗಳ ಯೋಜನೆ ಬಂತು. ಕ್ರಮೇಣ ತರಗತಿ, ವಾರ್ಷಿಕ ಪರೀಕ್ಷೆಗಳು ಬೇರೂರಿದವು; ಚುರುಕಾದವನೂ ಉಳಿದವರ ಜೊತೆ ಕಾಯಬೇಕಾಯಿತು.

ಜಾಣ ಮಕ್ಕಳನ್ನು ಬೇರೆಯಾಗಿ ಆರಿಸುವ ಕ್ರಮಕ್ಕೆ ಬಲ ಬಂದದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ. ಆ ನೀತಿಯಡಿ ಬಂದ ನವೋದಯ ವಿದ್ಯಾಲಯ ಶಿವಮೊಗ್ಗ ಜಿಲ್ಲೆಯಲ್ಲಿ ಇರುವುದು ತುಂಗಾ ಅಣೆಕಟ್ಟೆಯ ಗಾಜನೂರಿನಲ್ಲಿ. ಐದನೇ ತರಗತಿಯ ಮಕ್ಕಳು ಬರೆಯುವ ಆಯ್ಕೆ ಪರೀಕ್ಷೆಗೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅಂಕಗಣಿತಕ್ಕೆ 25 ಅಂಕ, ಆಕೃತಿಗಳನ್ನು ಹೋಲಿಸುವ ಮಾನಸಿಕ ಸಾಮರ್ಥ್ಯಕ್ಕೆ 50. ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಇದು ದೊಡ್ಡ ನ್ಯಾಯ.

ಆದರೂ ಒಂದೇ ದಿನದ ಪರೀಕ್ಷೆ ತರಬೇತಿ ಸಿಕ್ಕ ಮಗುವಿಗೇ ಹೆಚ್ಚು ಅನುಕೂಲ. ಹಳ್ಳಿ ಶಾಲೆಯ ಮೇಷ್ಟ್ರು ವರ್ಷವಿಡೀ ಕಂಡ ಜಾಣ್ಮೆಗೂ ಅಲ್ಲಿ ಅಂಕ ಸಿಗಬೇಕು.