ನಿಜಾಮ ಸೀಮೆಯ ಸತ್ಯಾಗ್ರಹಿಗಳ ಗೌರವಧನ: ತಿರಸ್ಕೃತ ಅರ್ಜಿಗಳ ಪುನರ್ವಿಚಾರ

ಕಲಬುರ್ಗಿ ಜಿಲ್ಲೆಯ ಆಳಂದ ತಾಲ್ಲೂಕಿಗೆ ಸೇರಿದ ನಿಂಬರ್ಗಾ ಗ್ರಾಮವು 1948ರ ಸೆಪ್ಟೆಂಬರ್ 17ರ ವರೆಗೆ ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದಿತು. ತಾಲ್ಲೂಕಿನ ಪಡುವಣ ಗಡಿಯನ್ನು ದಾಟಿದರೆ ಅಕ್ಕಲಕೋಟೆಯ ಸಂಸ್ಥಾನ. ಅದರಾಚೆಗೆ ಬ್ರಿಟಿಷರ ಸೊಲ್ಲಾಪುರ. ಈ ಗಡಿಯ ಸಾಮೀಪ್ಯವೇ ಇಲ್ಲಿಯ ಹೋರಾಟದ ಸ್ವರೂಪವನ್ನೂ, ಮುಂದೆ ಅದರ ದಾಖಲೆಗಳ ದುರವಸ್ಥೆಯನ್ನೂ ನಿರ್ಣಯಿಸಿತು.

1938ರ ಡಿಸೆಂಬರಿನಲ್ಲಿ ಆರ್ಯಸಮಾಜದವರು ಸೊಲ್ಲಾಪುರದಲ್ಲಿ ನೆರೆದು ನಿಜಾಮ ಸರಕಾರದ ವಿರುದ್ಧ ಸತ್ಯಾಗ್ರಹವನ್ನು ನಿಶ್ಚಯಿಸಿದರು. ಪ್ರಥಮ ನಾಯಕರಾದ ಮಹಾತ್ಮಾ ನಾರಾಯಣಸ್ವಾಮಿಗಳು ಕಲಬುರ್ಗಿಯ ಸೆರೆಮನೆಯಲ್ಲಿದ್ದರು. 1939ರ ಜುಲೈಯಲ್ಲಿ ನಿಜಾಮನ ಸುಧಾರಣೆಗಳು ಘೋಷಿತವಾಗಲು, ಆಗಸ್ಟಿನಲ್ಲಿ ಸತ್ಯಾಗ್ರಹವು ನಿಂತಿತು. ಎರಡನೆಯ ಘಟ್ಟವು 1947–48ರದು. ಸ್ವಾಮಿ ರಾಮಾನಂದತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ಸಿನವರು ಗಡಿಯಾಚೆ ಶಿಬಿರಗಳನ್ನು ಹೂಡಿ ಹೋರಾಡಿದರು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರವು ಇವುಗಳಲ್ಲಿ ಸುಪ್ರಸಿದ್ಧವಾದುದು.

1972ರ ಆಗಸ್ಟ್ 15ರಂದು ಭಾರತ ಸರಕಾರವು ಸ್ವಾತಂತ್ರ್ಯಯೋಧರಿಗೆ ಪಿಂಚಣಿಯನ್ನು ಏರ್ಪಡಿಸಿತು. ಆಗ ವಾರ್ಷಿಕ ಆದಾಯವು 5,000 ರೂಪಾಯಿಗಳನ್ನು ಮೀರದವರಿಗೆ ಮಾತ್ರ ಅದು ಸಲ್ಲುತ್ತಿದ್ದಿತು. 1980ರಲ್ಲಿ ಈ ಮಿತಿಯನ್ನು ತೆಗೆದು, ಅದನ್ನು ಗೌರವಧನವೆಂದು ಕರೆದರು. ಆರು ತಿಂಗಳ ಸೆರೆವಾಸ, ಆರು ತಿಂಗಳಿಗೆ ಮೀರಿದ ಭೂಗತಜೀವನ, ಹತ್ತು ಛಡಿಯೇಟು, ಗುಂಡಿನಿಂದಲೋ ಲಾಠಿಯಿಂದಲೋ ಉಂಟಾದ ಶಾಶ್ವತ ಅಂಗವೈಕಲ್ಯ ಮುಂತಾದವು ಅರ್ಹತೆಯ ಲಕ್ಷಣಗಳು.

ನಿಯಮವು ನೋಡುವುದಕ್ಕೆ ಸರಳವಾಗಿದೆ. ಆದರೆ ಆರ್ಯ ಸತ್ಯಾಗ್ರಹದ ಕಾಲಮಾನಕ್ಕೆ ಹಚ್ಚಿ ನೋಡಿದರೆ ತೊಡಕು ಗೋಚರಿಸುತ್ತದೆ. 1939ರ ಮಾರ್ಚಿಯಲ್ಲಿ ಸೆರೆಸಿಕ್ಕವನಿಗೆ ಎಷ್ಟೇ ದೀರ್ಘವಾದ ಶಿಕ್ಷೆಯಾಗಿದ್ದರೂ, ಆಗಸ್ಟಿನಲ್ಲಿ ಎಲ್ಲರೊಡನೆ ಬಿಡುಗಡೆಯಾದಾಗ ಆರು ತಿಂಗಳು ತುಂಬಿರಲಾರವು. ಇನ್ನು ಭೂಗತನಾಗಿದ್ದವನು ತನ್ನ ಮೇಲೆ ಹೊರಟು ಜಾರಿಯಾಗದೆ ಉಳಿದ ವಾರಂಟಿನ ಪುರಾವೆಯನ್ನು ತಾನೇ ತಂದೊಪ್ಪಿಸಬೇಕು! ಅಡಗಿ ತಿರುಗಿದವನ ಜೋಳಿಗೆಯಲ್ಲಿ ದಫ್ತರದ ಕಾಗದವನ್ನು ಹುಡುಕಿದಂತಾಯಿತು. ಗಡಿಶಿಬಿರದವನ ಸ್ಥಿತಿ ಇನ್ನೂ ವಿಲಕ್ಷಣ: ಗಡಿಯನ್ನು ದಾಟಿ ಕೈಗೆ ಸಿಕ್ಕದೆ ಹೋದುದರಿಂದಲೇ ಅವನ ಹೆಸರು ನಿಜಾಮನ ಸೆರೆಮನೆಯ ಪುಸ್ತಕದಲ್ಲಿಲ್ಲ. ಮೇಲಾಗಿ ಆ ರಾಜ್ಯದ ಆಡಳಿತಭಾಷೆ ಉರ್ದು. ರಾಜ್ಯವಾದರೋ 1956ರ ನವೆಂಬರ್ 1ರಂದು ಆಂಧ್ರ, ಮುಂಬಯಿ, ಮೈಸೂರುಗಳಿಗೆ ಹಂಚಿಹೋಯಿತು. ಕಲಬುರ್ಗಿಯವನ ರಾಜಧಾನಿ ಬೆಂಗಳೂರಾಯಿತು; ಹಳೆಯ ಸರಕಾರದ ಕಡತಗಳ ಮನೆ ಹೈದರಾಬಾದಿನಲ್ಲಿಯೇ ಉಳಿಯಿತು. ಆರ್ಯ ಸತ್ಯಾಗ್ರಹಕ್ಕೂ ಗಡಿಶಿಬಿರಗಳಿಗೂ ಮನ್ನಣೆ ದೊರೆತುದು ತಡವಾಗಿ. ಹೈದರಾಬಾದಿನ ಅರ್ಜಿಗಳ ಪರಿಶೀಲನೆಗೆ ವಿಶೇಷ ಸಮಿತಿಯೊಂದು ಬೇಕಾಯಿತು.

ತಿರಸ್ಕಾರದ ತರ್ಕವನ್ನು ಪ್ರಶ್ನಿಸಿದ ಮುಖ್ಯ ವ್ಯಾಜ್ಯವು ಈ ಸತ್ಯಾಗ್ರಹದಿಂದಲೇ ಹುಟ್ಟಿತೆಂಬುದು ಗಮನಾರ್ಹ. ಮುಕುಂದಲಾಲ್ ಭಂಡಾರಿ ಮೊಕದ್ದಮೆಯ ಅರ್ಜಿದಾರರು ನಿಜಾಮ ಸೀಮೆಯ ಆರ್ಯಸಮಾಜ ಚಳವಳಿಯಲ್ಲಿ ಪಾಲ್ಗೊಂಡವರು. ಅರ್ಜಿಯು ತಡವಾಯಿತೆಂಬುದು ನಿರಾಕರಣೆಗೆ ಕಾರಣವಾಗಲಾರದೆಂದೂ, ಗೌರವವನ್ನು ಅವಧಿಯ ಗೆರೆಯಿಂದ ಕಡಿಯಲಾಗದೆಂದೂ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ನಿರ್ಣಯಿಸಿತು. ಆದರೆ ಹಣವು ಸಲ್ಲತಕ್ಕುದು ಮೂಲ ಅರ್ಜಿಯು ಮುಟ್ಟಿದ ದಿನದಿಂದ ಮಾತ್ರ. ಪುರಾವೆಯು ಆಗ ಜೊತೆಗಿರಲಿ, ಇಲ್ಲದಿರಲಿ, ಆ ದಿನವೇ ಪ್ರಮಾಣ. ಇದು ಉದಾರವೂ ಹೌದು, ಅಪೂರ್ಣವೂ ಹೌದು. ಅರ್ಜಿಯನ್ನು ಹಾಕುವ ಬಗೆಯನ್ನೇ ಅರಿಯದಿದ್ದವನ ವರ್ಷಗಳು ಹೋದಂತೆಯೇ ಹೋದುವು. 1939ರಲ್ಲಿ ಇಪ್ಪತ್ತರ ಪ್ರಾಯದವನು ಈ ತೀರ್ಪಿನ ಕಾಲಕ್ಕೆ ಎಪ್ಪತ್ತನಾಲ್ಕರವನು.

2001ರ ಗುರ್ದಿಯಾಲ್ ಸಿಂಗ್ ಮೊಕದ್ದಮೆಯಲ್ಲಿ ಸಾಕ್ಷ್ಯದ ಅಳತೆಗೋಲು ಬದಲಾಯಿತು. ಅಪರಾಧಿಯನ್ನು ದಂಡಿಸುವಾಗ ಬೇಡುವಂಥ ನಿಸ್ಸಂದೇಹ ಪ್ರಮಾಣವನ್ನು ಇಲ್ಲಿ ಬೇಡಲಾಗದು, ಸಂಭಾವ್ಯತೆಯೇ ಸಾಕೆಂದಾಯಿತು. ಸೈನಿಕರ ಅಂಗವೈಕಲ್ಯದ ಪಿಂಚಣಿಯಲ್ಲಿಯೂ ಇದೇ ಬಗೆಯ ಪ್ರಶ್ನೆಯು ಎದ್ದಿತ್ತು. ರುಜುವಾತಿನ ಭಾರವು ಸೈನಿಕನ ಮೇಲಿಲ್ಲವೆಂದು 1982ರ ನಿಯಮಗಳು ಹೇಳಿದ್ದರೂ, ಅದನ್ನು ಧರ್ಮವೀರ ಸಿಂಗ್ ಮೊಕದ್ದಮೆಯಲ್ಲಿ 2013ರಷ್ಟು ಈಚೆಗೆ ಸರ್ವೋಚ್ಚ ನ್ಯಾಯಾಲಯವೇ ಎತ್ತಿಹಿಡಿಯಬೇಕಾಯಿತು.

ಇದಕ್ಕೆ ಪ್ರತಿಯಾದ ಪಕ್ಷವೂ ಉಂಟು. ನಿಜಾಮ ರಾಜ್ಯಕ್ಕೇ ಸೇರಿದ್ದ ಬೀಡ ಜಿಲ್ಲೆಯಲ್ಲಿ ಸುಳ್ಳು ಪ್ರಮಾಣಗಳಿಂದ ಪಿಂಚಣಿ ಪಡೆದವರ ವಿಷಯವು 2005ರಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದಿತು. ಸಹಕೈದಿಯ ಹೇಳಿಕೆಯನ್ನು ನಂಬಿದುದರಿಂದ ಕಾಗದವಿಲ್ಲದ ನಿಜವಾದ ಯೋಧನು ಬದುಕಿದನು. ಅದೇ ಬಾಗಿಲಿನಿಂದ ಹೋರಾಟವನ್ನೇ ಕಾಣದವನೂ ಒಳಹೊಕ್ಕನು. ಬೀಡದ ಪ್ರಕರಣದ ತರುವಾಯ ಸಹಕೈದಿಯ ಪ್ರಮಾಣಪತ್ರವೊಂದನ್ನೇ ನೆಚ್ಚಿಕೊಂಡಿದ್ದ ಮುದುಕನು ಮತ್ತೆ ಸಂಶಯದ ಕಣ್ಣಿಗೆ ಗುರಿಯಾದುದು ಸಹಜವೇ.