ಸೋದರಮಾವನಿಗೆ ಸಿಗದ ನೆಲೆ

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದೊಡನೆ ಜರ್ಮನಿಯ ಯೆಹೂದಿಗಳು ನೌಕರಿ ಕಳೆದುಕೊಳ್ಳತೊಡಗಿದರು. ದೇಶ ಬಿಡುವುದು ಕಷ್ಟ. ಇನ್ನೊಂದು ದೇಶದೊಳಗೆ ಕಾಲಿಡುವುದು ಇನ್ನೂ ಕಷ್ಟ. ಬ್ರಿಟಿಷ್ ಭಾರತಕ್ಕೆ ಬರಬೇಕೆಂದರೆ ಇಲ್ಲಿ ಉದ್ಯೋಗದ ಭರವಸೆ ಇಲ್ಲವೇ ಜಾಮೀನು ತೋರಿಸಬೇಕಿತ್ತು. ಅಂಥ ಭರವಸೆಯ ಬೆಲೆಯೇನೆಂಬುದನ್ನು ಬೆಂಗಳೂರಿಗೆ ಬಂದ ಒಂದೇ ಕುಟುಂಬದ ಇಬ್ಬರ ಕಥೆ ಹೇಳುತ್ತದೆ.

ಗಟಿಂಗೆನ್ ವಿಶ್ವವಿದ್ಯಾಲಯದಿಂದ ಹೊರಬಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ 1935ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. ಕಾಯಂ ಹುದ್ದೆ ಕೊಡಿಸಲು ರಾಮನ್ ಪಟ್ಟು ಹಿಡಿದರೂ ಸಂಸ್ಥೆಯೊಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೋ ಸೇರಿದರು. 1954ರಲ್ಲಿ ನೊಬೆಲ್ ಪಡೆದರು.

ಅವರ ಸೋದರಳಿಯ, ಬರ್ಲಿನ್ನಿನ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಈಜಿಪ್ಟಿಗೆ ಹೋಗಿದ್ದರು. 1939ರಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸಂಸ್ಥಾನ ಅವರನ್ನು ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಿಸಿತು. ಸೋದರಮಾವನಿಗೆ ನೆಲೆ ಸಿಗದ ವಿಜ್ಞಾನ ಸಂಸ್ಥೆಯಲ್ಲೇ ಅಳಿಯ ಭೋಜನಶಾಲೆ, ಪ್ರಯೋಗಾಲಯಗಳ ನಕ್ಷೆ ರೂಪಿಸಿದರು. ದೇಶ ವಿಭಜನೆಯ ಬಳಿಕ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದಾಗ, ಮನೆಮಠ ಕಳೆದುಕೊಂಡು ಬಂದವರಿಗೆ ಸೂರು ಒದಗಿಸುವ ಹೊಣೆ ಈ ನಿರಾಶ್ರಿತನ ಹೆಗಲಿಗೇ ಬಂತು.

ಇಷ್ಟಕ್ಕೂ ದಾರಿಯಾದದ್ದು ಒಂದು ನೇಮಕಾತಿ. ಯೂರೋಪಿನಲ್ಲೇ ಉಳಿದುಹೋದ ಯೆಹೂದಿಗಳಲ್ಲಿ ಸುಮಾರು 60 ಲಕ್ಷ ಮಂದಿಯನ್ನು ನಾಜಿಗಳು ಕೊಂದರು.